ಮನೋವ್ಯಥೆಯ ಮರೆಮಾತು: ಅಸಮಾನತೆ, ದೇಹ ಮತ್ತು ಗಡಿನಾಡಿನ ಕನ್ನಡ

ಮನಸ್ಸಿನ ನೋವನ್ನು ಮನಸ್ಸಿನ ನೋವೆಂದು ಹೆಸರಿಸದೆ ಬೇರೆ ದಾರಿಗಳಲ್ಲಿ ಹೊರಗೆಡಹುವ ರೂಢಿ ಎಲ್ಲ ಸಮಾಜಗಳಲ್ಲಿಯೂ ಇದೆ. ಬಿಡದ ತಲೆನೋವು, ಎದೆಯುರಿ, ಕೈಕಾಲು ಸೆಳೆತ, ನಿದ್ರೆಗೇಡು, ಊಟ ಬಿಡುವುದು, ಮಾತು ಬಿಡುವುದು, ಹರಕೆ ಹೊರುವುದು, ದೃಷ್ಟಿ ತೆಗೆಸುವುದು, ಮೈಮೇಲೆ ಬರುವುದು ಇವೆಲ್ಲ ಅಂತಹ ದಾರಿಗಳು. ಇವುಗಳನ್ನು ಒಟ್ಟಾಗಿ ಸೂಚಿಸಲು ಮಾನವಶಾಸ್ತ್ರದಲ್ಲಿ ಒಂದು ಪರಿಭಾಷೆಯಿದೆ; ಕನ್ನಡದಲ್ಲಿ ಅದನ್ನು 'ಸಂಕಟದ ನುಡಿಗಟ್ಟು' ಎನ್ನಬಹುದು. ಇದು ಒಂದು ರೋಗದ ಹೆಸರಲ್ಲ. ಸೋಗಿನ ಹೆಸರೂ ಅಲ್ಲ. ನೇರವಾಗಿ ಹೇಳಿದರೆ ಬೆಲೆ ತೆರಬೇಕಾಗುವ ಮಾತನ್ನು, ಸುತ್ತಲಿನವರು ಒಪ್ಪಿಕೊಳ್ಳುವ ರೂಪದಲ್ಲಿ ಹೇಳುವ ಕ್ರಮ ಇದು. ಆದುದರಿಂದಲೇ ಇದರ ಬಳಕೆ ಎಲ್ಲರಲ್ಲಿ ಒಂದೇ ಪ್ರಮಾಣದಲ್ಲಿಲ್ಲ. ಯಾರ ಮಾತಿಗೆ ಮನೆಯಲ್ಲಿ, ಊರಿನಲ್ಲಿ, ಕಚೇರಿಯಲ್ಲಿ ತೂಕ ಕಡಿಮೆಯೋ ಅವರೇ ಇದನ್ನು ಹೆಚ್ಚು ಆಶ್ರಯಿಸುತ್ತಾರೆ.

ಗಡಿನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ಎರಡು ಬಗೆಯ ಸಂಬಂಧವಿದೆ. ಆ ಪರಿಭಾಷೆ ಹುಟ್ಟಿದ್ದೇ ನಮ್ಮ ನೆರೆಯಲ್ಲಿ ಎಂಬುದು ಒಂದು. ದೇಹದ ಮೂಲಕ ಆಡಿದ ಮಾತನ್ನು ಅರ್ಥಮಾಡಿಕೊಳ್ಳಬೇಕಾದ ಆಸ್ಪತ್ರೆ ಇಲ್ಲಿ ಬೇರೆ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಇನ್ನೊಂದು.

ಪರಿಭಾಷೆಯ ತವರು

ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1970ರ ದಶಕದಲ್ಲಿ ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿದರು. 1981ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೇ 'ಸಂಕಟದ ನುಡಿಗಟ್ಟು' ಎಂಬ ಪರಿಕಲ್ಪನೆಯನ್ನು ಜಗತ್ತಿನ ವೈದ್ಯಕೀಯ ಮಾನವಶಾಸ್ತ್ರಕ್ಕೆ ಪರಿಚಯಿಸಿತು. ಅವರು ಆಧಾರವಾಗಿಟ್ಟುಕೊಂಡದ್ದು ಹವ್ಯಕ ಮನೆತನಗಳ ಹೆಂಗಸರ ಬದುಕನ್ನು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಗಡಿಯ ಈಚೆಗಿನ ಅಡಕೆ ತೋಟಗಳ ಮನೆಗಳಲ್ಲಿಯೂ ಅದೇ ಹವಿಗನ್ನಡ, ಅದೇ ಮಡಿ, ಅದೇ ಕೂಡುಕುಟುಂಬದ ಕಟ್ಟುಪಾಡು ಇತ್ತೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಿಕ್ಟರ್ ಕಂಡದ್ದು ಇಷ್ಟು: ಅತ್ತೆಯ ಮನೆಗೆ ಬಂದ ಹೆಣ್ಣುಮಗಳಿಗೆ ಅಸಮಾಧಾನವನ್ನು ನೇರವಾಗಿ ಆಡುವ ಅವಕಾಶ ತೀರ ಕಡಿಮೆ. ಆದರೆ ಆಡದೆ ತಿಳಿಸುವ ದಾರಿಗಳು ಹಲವು. ಪಂಕ್ತಿಯಲ್ಲಿ ಊಟ ಕಡಿಮೆ ಮಾಡುವುದು, ಮೈ ಇಳಿಯುವುದು, ಒಪ್ಪೊತ್ತು ಉಪವಾಸಗಳನ್ನು ಹೆಚ್ಚಿಸಿಕೊಳ್ಳುವುದು, ಮಡಿಮೈಲಿಗೆಯ ಬಗ್ಗೆ ಅತಿಯಾದ ಎಚ್ಚರ ತೋರುವುದು, ದೃಷ್ಟಿ ತಗಲಿದೆಯೆನ್ನುವುದು, ಮೈಮೇಲೆ ಬರುವುದು, ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಅಲೆಯುವುದು. ಇವುಗಳಲ್ಲಿ ಯಾವುದನ್ನೂ ಮನೆಯವರು ಪ್ರತಿಭಟನೆಯೆಂದು ಕರೆಯುವಂತಿಲ್ಲ. ಉಪವಾಸವನ್ನು ತಪ್ಪೆನ್ನುವುದು ಹೇಗೆ? ಮಡಿಯನ್ನು ಬೇಡವೆನ್ನುವುದು ಹೇಗೆ? ಕಟ್ಟುಪಾಡನ್ನೇ ಹಿಡಿದು ಆ ಕಟ್ಟುಪಾಡಿನ ಭಾರವನ್ನು ತೋರಿಸಿಕೊಡುವ ಜಾಣತನ ಅದರಲ್ಲಿದೆ. ಒಂದು ದಾರಿ ಮುಚ್ಚಿದರೆ ಅವಳು ಇನ್ನೊಂದನ್ನು ಹಿಡಿಯುತ್ತಾಳೆ.

ಆ ಪ್ರಬಂಧ ಮೇಲ್ಜಾತಿಯ ಮನೆಗಳನ್ನು ಕುರಿತದ್ದೆಂಬುದನ್ನು ಗಮನಿಸಬೇಕು. ಹಣವಿರುವ ಮನೆಯೊಳಗೂ ಅಸಮಾನತೆ ಇರುತ್ತದೆ. ಅಲ್ಲಿ ಅದು ಲಿಂಗದ್ದು, ವಯಸ್ಸಿನದು. ಅದೇ ತೋಟದಲ್ಲಿ ಅಡಕೆ ಸುಲಿಯಲು ಬರುತ್ತಿದ್ದ ಹೆಂಗಸಿಗೆ ಊಟ ಬಿಟ್ಟು ಅಸಮಾಧಾನ ತೋರಿಸುವ ಅನುಕೂಲವೂ ಇರಲಿಲ್ಲ. ಬಿಡುವುದಕ್ಕೆ ಊಟವಿರಬೇಕು, ಬಿಟ್ಟದ್ದನ್ನು ಗಮನಿಸುವವರೂ ಇರಬೇಕು. ಸಂಕಟದ ನುಡಿಗಟ್ಟುಗಳೂ ಸಮಾನವಾಗಿ ಹಂಚಿಕೆಯಾಗಿಲ್ಲ ಎಂಬ ಮಾತು ಇಲ್ಲಿಂದ ಹೊರಡುತ್ತದೆ. ಈ ವಿಷಯದ ಚರ್ಚೆಗಳಲ್ಲಿ ಅತ್ಯಂತ ಕಡಿಮೆ ಕೇಳಿಬರುವ ಮಾತೂ ಇದೇ.

ಮುಂದೆ ಪರಿಭಾಷೆ ದೇಶಾಂತರ ಹೋಯಿತು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಹೊರಬಂದಾಗ, ಹಿಂದೆ 'ಸಂಸ್ಕೃತಿಬದ್ಧ ರೋಗಗಳು' ಎಂದು ಪ್ರತ್ಯೇಕವಾಗಿಟ್ಟಿದ್ದ ವಿಭಾಗವನ್ನು ಕೈಬಿಟ್ಟು, ಸಂಕಟದ ಸಾಂಸ್ಕೃತಿಕ ಪರಿಕಲ್ಪನೆಗಳು ಎಂಬ ಚೌಕಟ್ಟನ್ನು ಅಳವಡಿಸಿಕೊಂಡಿತು. ಜಿಂಬಾಬ್ವೆಯ ಶೋನಾ ಭಾಷಿಕರು 'ಅತಿಯಾಗಿ ಯೋಚಿಸುವುದು' ಎಂಬ ಅರ್ಥದಲ್ಲಿ ಬಳಸುವ 'ಕುಫುಂಗಿಸಿಸಾ' ಎಂಬ ಪದ ಅದರಲ್ಲಿ ಸೇರಿದೆ. ಕನ್ನಡದ ಪದ ಯಾವುದೂ ಅದರಲ್ಲಿಲ್ಲ. ತವರಿನ ಹೆಸರು ದಾಖಲೆಯಲ್ಲಿ ಉಳಿಯದಿರುವುದು ನಮಗೆ ಹೊಸ ಅನುಭವವೇನಲ್ಲ.

ಸೌಖ್ಯವಿಲ್ಲ, ಹುಷಾರಿಲ್ಲ, ಆರಾಮಿಲ್ಲ

ಕನ್ನಡಿಗರು ಅನಾರೋಗ್ಯವನ್ನು ಹೇಳುವ ಮೂರು ಸಾಮಾನ್ಯ ಮಾತುಗಳನ್ನು ನೋಡಬಹುದು. ಕಾಸರಗೋಡಿನ ಕಡೆ 'ಸೌಖ್ಯವಿಲ್ಲ', ಹೊಸೂರು, ತಾಳವಾಡಿ, ಮಡಕಶಿರಾಗಳ ಕಡೆ 'ಹುಷಾರಿಲ್ಲ', ಅಕ್ಕಲಕೋಟೆ, ಜತ್ತಗಳ ಕಡೆ 'ಆರಾಮಿಲ್ಲ'. ಸೌಖ್ಯವೆಂದರೆ ಸುಖ, ಹುಷಾರೆಂದರೆ ಎಚ್ಚರ, ಆರಾಮವೆಂದರೆ ವಿಶ್ರಾಂತಿ. ಮೂರರಲ್ಲಿ ಯಾವುದೂ ದೇಹವನ್ನು ಮನಸ್ಸಿನಿಂದ ಬೇರ್ಪಡಿಸುವುದಿಲ್ಲ. ಹವಿಗನ್ನಡದ 'ಎಡಿತ್ತಿಲ್ಲೆ' ಎಂಬ ಮಾತು ಶಕ್ತಿ ಸಾಲದೆಂಬುದನ್ನೂ ಸಹಿಸಲಾಗದೆಂಬುದನ್ನೂ ಒಟ್ಟಿಗೆ ಹೇಳುತ್ತದೆ. ಸಂಕಟವೆಂಬ ಪದವೇ ಹೊಟ್ಟೆ ತೊಳಸುವುದಕ್ಕೂ ಬದುಕಿನ ಕಷ್ಟಕ್ಕೂ ಸಲ್ಲುತ್ತದೆ. ಹೊಟ್ಟೆ ಉರಿಯುತ್ತದೆ, ಕರುಳು ಕಿವುಚುತ್ತದೆ, ಎದೆ ಭಾರವಾಗುತ್ತದೆ, ತಲೆ ಬಿಸಿಯಾಗುತ್ತದೆ, ಜೀವ ಸಾಕಾಗುತ್ತದೆ. ಇವನ್ನೆಲ್ಲ ಅಲಂಕಾರವೆಂದು ವ್ಯಾಕರಣ ಪುಸ್ತಕದಲ್ಲಿ ಕಲಿಸುತ್ತೇವೆ. ಆದರೆ ಇವನ್ನು ಆಡುವವರಲ್ಲಿ ಬಹಳ ಮಂದಿಗೆ ಎದೆ ನಿಜವಾಗಿಯೂ ಭಾರವಾಗಿರುತ್ತದೆ, ಹೊಟ್ಟೆ ನಿಜವಾಗಿಯೂ ಉರಿಯುತ್ತಿರುತ್ತದೆ.

ಗಡಿ ದಾಟಿದಾಗ ಈ ಮಾತುಗಳಿಗೆ ಏನಾಗುತ್ತದೆಂಬುದಕ್ಕೆ 'ಬೇಜಾರು' ಒಳ್ಳೆಯ ಉದಾಹರಣೆ. ಪಾರಸಿ ಮೂಲದ ಈ ಪದ ನಮ್ಮ ನೆರೆಯ ಎಲ್ಲ ಭಾಷೆಗಳಲ್ಲಿಯೂ ಇದೆ, ಅರ್ಥ ಮಾತ್ರ ಒಂದೇ ಅಲ್ಲ. ಕನ್ನಡದಲ್ಲಿ ಅದು ಹೊತ್ತು ಹೋಗದಿರುವುದರಿಂದ ಹಿಡಿದು ಬದುಕಿನಲ್ಲಿ ಆಸಕ್ತಿ ಉಳಿಯದಿರುವುದರವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಉತ್ತರ ಕೇರಳದ ಮಲಯಾಳದಲ್ಲಿ 'ಬೇಜಾರ್' ಎಂದರೆ ಆತಂಕ, ಗಾಬರಿ. 'ಬೇಜಾರಾಗಬೇಡ' ಎಂದು ಅಲ್ಲಿ ಹೇಳಿದರೆ 'ಹೆದರಬೇಡ' ಎಂದರ್ಥ. ಮರಾಠಿಯಲ್ಲಿ ಅದು ಕಾಟಕ್ಕೆ ಬೇಸತ್ತು ಹೈರಾಣಾದ ಸ್ಥಿತಿ. ಮದರಾಸಿನ ಆಡುತಮಿಳಿನಲ್ಲಿ 'ಪೇಜಾರ್' ಎಂದರೆ ಬರೀ ಕಿರಿಕಿರಿ. ಕನ್ನಡದ ಹೆಂಗಸೊಬ್ಬಳು ಎರಡು ತಿಂಗಳಿನಿಂದ ತನಗೆ ಬೇಜಾರೆಂದು ಸರಕಾರಿ ಆಸ್ಪತ್ರೆಯಲ್ಲಿ ಹೇಳಿದರೆ, ಎದುರಿಗಿರುವವರಿಗೆ ಪದ ತಿಳಿದೇ ಇರುತ್ತದೆ. ತಿಳಿದಿದೆ ಎಂಬ ಭ್ರಮೆಯಿಂದಲೇ ಅರ್ಥ ತಪ್ಪುತ್ತದೆ. ಖಿನ್ನತೆಯನ್ನು ಆತಂಕವೆಂದೋ ಕಿರಿಕಿರಿಯೆಂದೋ ಕೇಳಿಕೊಂಡ ವೈದ್ಯರು ಬರೆಯುವ ಮಾತ್ರೆಯೂ ಬೇರೆಯಾದೀತು. ಪೂರ್ತಿ ಅಪರಿಚಿತ ಪದವಾಗಿದ್ದರೆ ಕನಿಷ್ಠ ಮರುಪ್ರಶ್ನೆಯಾದರೂ ಬರುತ್ತಿತ್ತು.

ದೇಹದ ನೋವಿಗೆ ಕಳಂಕವಿಲ್ಲ

ಜನರು ಮನಸ್ಸಿನ ಮಾತನ್ನು ದೇಹದ ಮೂಲಕ ಆಡುವುದು ಅವರಿಗೆ ತಮ್ಮ ಮನಸ್ಸಿನ ಅರಿವಿಲ್ಲದ್ದರಿಂದ ಎಂಬ ಅಭಿಪ್ರಾಯ ಓದಿದವರಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಹಾಗೂ ಅವರ ಸಹೋದ್ಯೋಗಿಗಳು ಹೊರರೋಗಿಗಳಾಗಿ ಬಂದ 80 ಮಂದಿಯನ್ನು ವಿವರವಾಗಿ ಮಾತನಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಾದಂತೆ ಕಳಂಕದ ಭಾವನೆಯೂ ಹೆಚ್ಚುತ್ತದೆ, ದೇಹದ ನೋವಿನ ಲಕ್ಷಣಗಳು ಹೆಚ್ಚಾದಲ್ಲಿ ಕಳಂಕದ ಭಾವನೆ ಕಡಿಮೆಯಿರುತ್ತದೆ ಎಂಬುದು ಅವರಿಗೆ ಕಂಡುಬಂದ ಸಂಬಂಧ. ಮನಸ್ಸಿನ ದುಃಖ ಹೊರಗೆ ತಿಳಿದರೆ ಮದುವೆಗೆ ಅಡ್ಡಿ, ಸಂಸಾರಕ್ಕೆ ಕೆಟ್ಟ ಹೆಸರು. ತಲೆನೋವು, ಮೈಕೈ ನೋವು ಎಲ್ಲರಿಗೂ ಬರುವಂಥದ್ದು. ರೋಗಿಗಳು ಇದನ್ನು ಸ್ಪಷ್ಟವಾಗಿ ತಿಳಿದಿದ್ದರು. ತಿಳಿವಳಿಕೆಯ ಕೊರತೆಯೆಂದು ನಾವು ಎಣಿಸುವುದು ಎಷ್ಟೋ ಸಲ ತಿಳಿದೇ ಮಾಡಿದ ಆಯ್ಕೆ.

ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಸುಮಾರು 2,500 ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಬಿಳಿಸೆರಗಿನ ದೂರು ಹೇಳಿದ ಹೆಂಗಸರಲ್ಲಿ, ಆ ದೂರಿಗೆ ಸೋಂಕಿಗಿಂತ ಹೆಚ್ಚಾಗಿ ಮನೋವ್ಯಥೆಯ ಜೊತೆ ನಂಟಿರುವುದು ಕಂಡುಬಂತು. ಪರೀಕ್ಷೆ ಮಾಡದೆ ಸೋಂಕಿನ ಮಾತ್ರೆ ಕೊಟ್ಟು ಕಳುಹಿಸುವ ವಾಡಿಕೆಯಿರುವ ಕಡೆ ಇದರ ಅರ್ಥವೇನೆಂದು ಊಹಿಸಬಹುದು: ಹೆಂಗಸು ಮಾತ್ರೆ ನುಂಗುತ್ತಾಳೆ, ಗಂಡನ ಕುಡಿತವೋ ಹೊಡೆತವೋ ಸಾಲವೋ ಹಾಗೆಯೇ ಉಳಿಯುತ್ತದೆ. ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಹೋಗಿ ವಾಸ್ಕೋದ ಸುತ್ತಮುತ್ತ ನೆಲೆಸಿದ ಕನ್ನಡದ ಕೂಲಿ ಕುಟುಂಬಗಳ ಹೆಂಗಸರಿಗೆ ಇದರ ಮೇಲೆ ಕೊಂಕಣಿ ಬಾರದ ತೊಡಕೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನಸ್ಸಿನ ನೋವು ದೇಹದಲ್ಲಿ ಮಾತಾಡುತ್ತದೆಂದ ಮಾತ್ರಕ್ಕೆ ದೇಹದ ನೋವೆಲ್ಲ ಮನಸ್ಸಿನದಲ್ಲ. ಬಡ ಹೆಂಗಸಿನ ಸುಸ್ತಿಗೆ ರಕ್ತಹೀನತೆ ಕಾರಣವಾಗಿರಬಹುದು, ಥೈರಾಯ್ಡ್ ಇರಬಹುದು, ಕ್ಷಯವಿರಬಹುದು. ವಯನಾಡು ಮತ್ತು ನೀಲಗಿರಿಯ ಆದಿವಾಸಿಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವುದು ವೈದ್ಯಕೀಯವಾಗಿ ಖಚಿತವಾದ ಸಂಗತಿ. ಅವರ ಕೀಲುನೋವನ್ನು ಮನಸ್ಸಿನದೆಂದು ತಳ್ಳಿಹಾಕುವುದು ಅನ್ಯಾಯದ ಮೇಲೆ ಅನ್ಯಾಯ. ಮೊದಲು ದೇಹದ ತಪಾಸಣೆ ನಡೆಯಬೇಕು. 'ನಿಮಗೇನೂ ಇಲ್ಲ' ಎಂಬ ಮಾತು ತಪಾಸಣೆಯ ಕೊನೆಯಲ್ಲಿಯೂ ಬರಬಾರದು. ನೋವಿದೆಯೆಂದು ಬಂದವರಿಗೆ ಏನೋ ಇದ್ದೇ ಇರುತ್ತದೆ.

ಯಾರ ನೋವು, ಯಾವ ಪಟ್ಟಿಯಲ್ಲಿ

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಕೇರಳ ಮತ್ತು ತಮಿಳುನಾಡು ಅದರಲ್ಲಿದ್ದವು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿತ್ತು. ಚಿಕಿತ್ಸೆ ದೊರೆಯದವರ ಪ್ರಮಾಣ ಅಸ್ವಸ್ಥತೆಯ ಬಗೆಗೆ ಅನುಸಾರವಾಗಿ ಶೇ. 70ರಿಂದ 92ರವರೆಗೆ. ಕಡಿಮೆ ವರಮಾನದ ಮನೆಗಳಲ್ಲಿ ಹೊರೆ ಹೆಚ್ಚೆಂಬುದೂ ಅದರಲ್ಲಿ ದಾಖಲಾಗಿದೆ.

ಇನ್ನೂ ಕಠೋರವಾದ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ್ದು. 2021ರಲ್ಲಿ ದೇಶದಲ್ಲಿ ದಾಖಲಾದ 1,64,033 ಆತ್ಮಹತ್ಯೆಗಳಲ್ಲಿ 42,004 ದಿನಗೂಲಿಗಳದು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಅದೇ ವರ್ಷ ಪ್ರಾಣ ಕಳೆದುಕೊಂಡ 45,026 ಮಹಿಳೆಯರಲ್ಲಿ 23,179 ಮಂದಿ 'ಗೃಹಿಣಿ' ಎಂಬ ಕಲಮಿನಡಿ ಸೇರಿದ್ದಾರೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಗೃಹಿಣಿಯೆಂಬ ಆ ಒಂದು ಪದದೊಳಗೆ ಹೊಲದ ದುಡಿಮೆ, ದನದ ಕೆಲಸ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಕೈಗೆಲಸ ಎಲ್ಲವೂ ಅಡಗಿಹೋಗುತ್ತವೆ. ರಾಯದುರ್ಗ, ಮಡಕಶಿರಾಗಳಂತಹ ಮಳೆ ಕಡಿಮೆಯ ಸೀಮೆಯಲ್ಲಿ ಕೊಳವೆಬಾವಿಯ ಸಾಲ ಗಂಡಸಿನ ಹೆಸರಿನಲ್ಲಿರುತ್ತದೆ. ಸಾಲಗಾರ ಬಾಗಿಲಿಗೆ ಬಂದಾಗ ಉತ್ತರ ಹೇಳುವವಳು ಹೆಂಡತಿ. ಗಂಡಸಿಗೆ ದುಃಖ ಹೇಳಿಕೊಳ್ಳಲು ದೇಹದ ದೂರೂ ಸುಲಭವಲ್ಲ, ಏಕೆಂದರೆ ದೇಹವೇ ಅವನ ಕೂಲಿ. ಮೈ ನೋಯುತ್ತದೆಂದರೆ ಮೇಸ್ತ್ರಿ ನಾಳೆ ಬೇರೆಯವನನ್ನು ಕರೆಯುತ್ತಾನೆ. ಅವನಿಗೆ ಉಳಿಯುವುದು ಕುಡಿತ, ಸಿಟ್ಟು ಅಥವಾ ಮೌನ. ಇವು ಮೂರನ್ನೂ ಸಮಾಜ ನೋವೆಂದು ಓದದೆ ನಡತೆಯೆಂದು ಓದುತ್ತದೆ.

ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣವನ್ನು ಈ ಬೆಳಕಿನಲ್ಲಿ ನೋಡಬೇಕು. ಸರಕಾರಿ ಒಡೆತನದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಈ ವಿಷ ಸಿಂಪಡಿಸಲಾಯಿತು. ಬಾಧಿತ ಪಂಚಾಯತುಗಳಲ್ಲಿ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕಗಳು ಸೇರಿವೆ; ಕನ್ನಡ ಮತ್ತು ತುಳು ಮನೆಮಾತಿನ ಜನ ದೊಡ್ಡ ಸಂಖ್ಯೆಯಲ್ಲಿರುವ ನೆಲ ಅದು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ದೇಶದಾದ್ಯಂತ ಇದರ ತಯಾರಿಕೆ ಮತ್ತು ಬಳಕೆಗೆ ತಡೆಯೊಡ್ಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರಲ್ಲಿ ಕೇವಲ ಎಂಟು ಮಂದಿಗೆ ಹಣ ತಲುಪಿದೆಯೆಂಬುದನ್ನು ಅದೇ ನ್ಯಾಯಾಲಯ ಕಟುವಾಗಿ ಎತ್ತಿ ತೋರಿಸಬೇಕಾಯಿತು.

ಪರಿಹಾರದ ಪಟ್ಟಿಯಲ್ಲಿ ಸೇರುವುದು ಕಣ್ಣಿಗೆ ಕಾಣುವ ದೇಹ. ಹಾಸಿಗೆ ಹಿಡಿದ ಮಗುವನ್ನು ಇಪ್ಪತ್ತು, ಮೂವತ್ತು ವರ್ಷ ಎತ್ತಿ ಇಳಿಸಿದ ತಾಯಿಯ ಬೆನ್ನು ಅದರಲ್ಲಿಲ್ಲ, ನಿದ್ರೆ ಅದರಲ್ಲಿಲ್ಲ. ಆರೈಕೆ ಮಾಡುವವರಿಗೆ ಮಾಸಿಕ ಸಹಾಯಧನ ಕೊಡುವ ಯೋಜನೆ ಕೇರಳದಲ್ಲಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಆರೈಕೆಯ ಶ್ರಮಕ್ಕೆ ಸಂದ ಮೊತ್ತ. ಆರೈಕೆ ಮಾಡುವವಳೂ ರೋಗಿಯಾಗಿರಬಹುದೆಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. 'ನಾನು ಸತ್ತರೆ ಇವನನ್ನು ಯಾರು ನೋಡುತ್ತಾರೆ' ಎಂಬ ಭಯವನ್ನು ಬರೆಯಲು ಯಾವ ಅರ್ಜಿಯಲ್ಲಿಯೂ ಕಲಮಿಲ್ಲ. ಅವಳು ಆಸ್ಪತ್ರೆಗೆ ಹೋದಾಗ ಹೇಳುವುದು ಸೊಂಟನೋವು ಎಂದೇ.

ಭಾಷೆಯನ್ನೂ ಕೊಳ್ಳಬೇಕಾದ ಸ್ಥಿತಿ

ಉತ್ತರ ಕಾಸರಗೋಡಿನವರಿಗೆ ದೊಡ್ಡ ಚಿಕಿತ್ಸೆಯೆಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದದ್ದೆಂದು ಇಡೀ ದೇಶಕ್ಕೆ ತಿಳಿಯಿತು. ಅದೇ ರೀತಿ ಹೊಸೂರಿನವರಿಗೆ ಬೆಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ರಾಯದುರ್ಗದವರಿಗೆ ಬಳ್ಳಾರಿ, ಅಕ್ಕಲಕೋಟೆಯವರಿಗೆ ಕಲಬುರಗಿ ಹತ್ತಿರ. ಬಸ್ಸಿನ ಹಣ, ಒಂದು ದಿನದ ಕೂಲಿ, ಖಾಸಗಿ ವೈದ್ಯರ ಶುಲ್ಕ ಇವನ್ನು ಭರಿಸಬಲ್ಲವರು ಗಡಿ ದಾಟಿ ಹೋಗಿ ಕನ್ನಡದಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಭರಿಸಲಾಗದವರು ಊರಿನ ಆರೋಗ್ಯ ಕೇಂದ್ರದ ಸರತಿಯಲ್ಲಿ ನಿಂತು, ಬಾರದ ಭಾಷೆಯಲ್ಲಿ, ಎರಡು ನಿಮಿಷದಲ್ಲಿ, ಮೂರು ನಾಮಪದಗಳಿಗೆ ತಮ್ಮ ಬದುಕನ್ನು ಇಳಿಸುತ್ತಾರೆ: ತಲೆ, ಹೊಟ್ಟೆ, ಸುಸ್ತು. ಮುರಿದ ಕೈಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ, ಕೈ ತಾನೇ ಕಾಣಿಸುತ್ತದೆ. ಮನೋವ್ಯಥೆಯ ಚಿಕಿತ್ಸೆಯಲ್ಲಿ ಮಾತೇ ತಪಾಸಣೆ, ಅನೇಕ ಸಲ ಮಾತೇ ಔಷಧ. ಗಡಿನಾಡಿನ ವರ್ಗಭೇದ ಇಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣದೆಂದು ನನ್ನ ಅಭಿಪ್ರಾಯ. ಹಣವಿದ್ದವರು ತಮ್ಮ ಭಾಷೆಯನ್ನೂ ಕೊಂಡುಕೊಳ್ಳುತ್ತಾರೆ.

ಇನ್ನೊಂದು ವಾಡಿಕೆಯನ್ನು ಅಧ್ಯಾಪಕರಾದವರೆಲ್ಲ ಬಲ್ಲರು. ರಾಜ್ಯಭಾಷೆ ಕಲಿತ ಮಗನೋ ಮಗಳೋ ಶಾಲೆಗೆ ರಜೆ ಹಾಕಿ ತಾಯಿಯ ಜೊತೆ ಆಸ್ಪತ್ರೆಗೆ ದುಭಾಷಿಯಾಗಿ ಹೋಗುವುದು. ರಜಾ ಅರ್ಜಿಯಲ್ಲಿ 'ಅಮ್ಮನಿಗೆ ಸೌಖ್ಯವಿಲ್ಲ' ಎಂದಿರುತ್ತದೆ. ಹನ್ನೆರಡು ವರ್ಷದ ಹುಡುಗನ ಬಾಯಿಂದ ತಾಯಿ ತನ್ನ ಮುಟ್ಟಿನ ತೊಂದರೆಯನ್ನು, ಅವನ ಅಪ್ಪನ ಹೊಡೆತವನ್ನು, ಸಾಯಬೇಕೆನಿಸುವ ಯೋಚನೆಯನ್ನು ವೈದ್ಯರಿಗೆ ತಿಳಿಸಿಯಾಳೆ? ಅವಳು ತಲೆನೋವೆನ್ನುತ್ತಾಳೆ, ಹುಡುಗ ತಲೆನೋವೆಂದು ಭಾಷಾಂತರಿಸುತ್ತಾನೆ. ಅನುವಾದ ತಪ್ಪಿಲ್ಲದೆ ನಡೆಯುತ್ತದೆ. ಹೇಳಬೇಕಾದದ್ದು ಮಾತ್ರ ಹೇಳದೆ ಉಳಿಯುತ್ತದೆ. ಹೇಳಿಬಿಟ್ಟಳೆಂದೇ ಇಟ್ಟುಕೊಂಡರೂ, ಅದನ್ನು ಹೊತ್ತು ಮರುದಿನ ತರಗತಿಯಲ್ಲಿ ಕೂರುವವನು ಆ ಹುಡುಗ.

ಮಕ್ಕಳಲ್ಲಿ ಈ ಮರೆಮಾತು ಹೆಚ್ಚಾಗಿ ಹೊಟ್ಟೆನೋವಿನ ರೂಪದಲ್ಲಿರುತ್ತದೆ. ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವು, ಒಂದು ನಿರ್ದಿಷ್ಟ ಪಾಠದ ಹೊತ್ತಿಗೆ ಬರುವ ಹೊಟ್ಟೆನೋವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಏನಾಗುತ್ತದೆಂಬುದನ್ನು 2018ರ 'ಸರಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು' ಚಲನಚಿತ್ರ ನಗಿಸುತ್ತ ತೋರಿಸಿತು, ನಾವೂ ನಕ್ಕೆವು. ತಿಂಗಳುಗಟ್ಟಲೆ ಒಂದಕ್ಷರ ಅರ್ಥವಾಗದ ತರಗತಿಯಲ್ಲಿ ಕೂತ ಮಗು ತನ್ನನ್ನು ದಡ್ಡನೆಂದು ತಿಳಿಯತೊಡಗುವುದು ಚಿತ್ರಮಂದಿರದ ಹೊರಗಿನ ಸಂಗತಿ. ತರಗತಿ ತನಗೆ ಅರ್ಥವಾಗುವಂತಿಲ್ಲ ಎಂದು ಆ ಮಗು ದೂರಲಾರದು, ಹಾಗೆ ದೂರಬಹುದೆಂಬುದೇ ಅದಕ್ಕೆ ತಿಳಿಯದು. ತಪ್ಪು ತನ್ನದೆಂದೇ ಅದು ಎಣಿಸುತ್ತದೆ. ಅಮೆರಿಕದಲ್ಲಿ ರಿಚರ್ಡ್ ಸೆನೆಟ್ ಮತ್ತು ಜೋನಾಥನ್ ಕಾಬ್ 1972ರಲ್ಲಿ ಕಾರ್ಮಿಕ ಕುಟುಂಬಗಳನ್ನು ಮಾತನಾಡಿಸಿ ಬರೆದ ಪುಸ್ತಕದ ತಿರುಳೂ ಇದೇ ಆಗಿತ್ತು: ವ್ಯವಸ್ಥೆ ಹಾಕಿದ ಗಾಯವನ್ನು ಗಾಯಗೊಂಡವರು ತಮ್ಮದೇ ಅಯೋಗ್ಯತೆಯೆಂದು ನಂಬುತ್ತಾರೆ.

ದೈವದ ಮುಂದಿನ ಮಾತು

ಆಸ್ಪತ್ರೆಯಲ್ಲಿ ಆಡಲಾಗದ ಮಾತು ಬೇರೆ ಕಡೆ ಆಡಲ್ಪಡುತ್ತದೆ. ತುಳುನಾಡಿನ ಭೂತಕೋಲದಲ್ಲಿ ಮನೆಯ ಜಗಳ, ಜಾಗದ ತಕರಾರು, ಮಗನ ದಾರಿತಪ್ಪುವಿಕೆ ಎಲ್ಲವನ್ನೂ ದೈವದ ಮುಂದೆ ಇಡಬಹುದು, ಉತ್ತರ ತನ್ನ ನುಡಿಯಲ್ಲಿಯೇ ಬರುತ್ತದೆ. ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ ತೆಯ್ಯಂ ಇದೆ; ಪೊಟ್ಟನ್ ತೆಯ್ಯಂ ಜಾತಿಭೇದವನ್ನು ಎದುರೆದುರೇ ಪ್ರಶ್ನಿಸುತ್ತದೆ. ವರ್ಷದ ಉಳಿದ ದಿನ ಅಂಗಳದಾಚೆ ನಿಲ್ಲಬೇಕಾದವನ ಬಾಯಿಂದ ಒಂದು ರಾತ್ರಿ ಯಜಮಾನನಿಗೆ ಬುದ್ಧಿಮಾತು ಬರುವ ವ್ಯವಸ್ಥೆಯನ್ನು ಕೇವಲ ಮೂಢನಂಬಿಕೆಯೆಂದು ಬದಿಗಿಡುವುದು ಆತುರದ ತೀರ್ಪು. ಮರುದಿನ ಅವನು ಮತ್ತೆ ಅಂಗಳದಾಚೆಯೇ ನಿಲ್ಲುತ್ತಾನೆಂಬುದನ್ನು ಮರೆಯುವುದೂ ಅಷ್ಟೇ ತಪ್ಪು. ಶ್ರದ್ಧೆಯ ನೆಲೆಗಳನ್ನು ಚಿಕಿತ್ಸೆಯ ಬದಲಿಗೆ ನಿಲ್ಲಿಸಿದಾಗ ಏನಾದೀತೆಂಬುದಕ್ಕೆ ತಮಿಳುನಾಡಿನ ಏರ್ವಾಡಿಯ ನೆನಪಿದೆ: 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಆಶ್ರಯಗೃಹವೊಂದರಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ಅಸ್ವಸ್ಥರು ತಪ್ಪಿಸಿಕೊಳ್ಳಲಾರದೆ 28 ಮಂದಿ ಸತ್ತರು.

ಕಾನೂನು ಏನೆನ್ನುತ್ತದೆ, ಏನಿದೆ

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಮು ಲಿಂಗ, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ಅಂಗವೈಕಲ್ಯ ಅಥವಾ ಇನ್ನಾವುದೇ ಆಧಾರದ ಭೇದವಿಲ್ಲದೆ ಸರಕಾರಿ ಚಿಕಿತ್ಸೆ ಪಡೆಯುವ ಹಕ್ಕನ್ನು ಕೊಡುತ್ತದೆ. ಭಾಷೆಯನ್ನು ಅಲ್ಲಿ ಹೆಸರಿಸಿಲ್ಲ. 'ಇನ್ನಾವುದೇ' ಎಂಬುದರೊಳಗೆ ಅದನ್ನು ಓದಿಕೊಳ್ಳಬೇಕು. 22ನೆಯ ಕಲಮು ಹೆಚ್ಚು ಸ್ಪಷ್ಟವಾಗಿದೆ: ರೋಗದ ಸ್ವರೂಪ ಮತ್ತು ಚಿಕಿತ್ಸೆಯ ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುವ 115ನೆಯ ಕಲಮೂ ಊರಿನವರಿಗೆ ತಿಳಿದಿರಬೇಕು. ಪೊಲೀಸರ ಭಯದಿಂದ ಆಸ್ಪತ್ರೆಗೆ ಕರೆತರಲು ತಡಮಾಡುವ ಮನೆಗಳು ಇಂದಿಗೂ ಇವೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು ಬಳ್ಳಾರಿಯಲ್ಲಿ, 1980ರ ದಶಕದ ಉತ್ತರಾರ್ಧದಲ್ಲಿ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಅಲ್ಲಿ ತೋರಿಸಿದ ಮೇಲೆ 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಗೋವೆಯಲ್ಲಿ ವೈದ್ಯರಲ್ಲದ, ಅಲ್ಪಾವಧಿ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಸರಕಾರಿ ಕೇಂದ್ರಗಳಲ್ಲಿ ಖಿನ್ನತೆ, ಆತಂಕಗಳನ್ನು ಪರಿಣಾಮಕಾರಿಯಾಗಿ ಕಡಿಮೆ ಮಾಡಬಲ್ಲರೆಂಬ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಇವೆರಡರಿಂದ ಗಡಿನಾಡಿಗೆ ತಿಳಿಯುವ ಸಂಗತಿ ನೇರವಾದದ್ದು. ಕನ್ನಡ ಬಲ್ಲ ಮನೋವೈದ್ಯರು ಸಿಗುವುದಿಲ್ಲವೆಂಬ ಅಧಿಕಾರಿಗಳ ಉತ್ತರ ಸಾಕಾಗದು. ಊರಿನ ಕನ್ನಡದ ಹೆಣ್ಣುಮಗಳೊಬ್ಬಳಿಗೆ ತರಬೇತಿ ಕೊಟ್ಟು ಕೂರಿಸುವುದಕ್ಕೆ ಮನೋವೈದ್ಯರ ಕೊರತೆ ಅಡ್ಡಿಯಲ್ಲ.

ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416, ಹಗಲಿರುಳು ಉಚಿತ, ಆರಿಸಿಕೊಳ್ಳಬಹುದಾದ 20 ಭಾಷೆಗಳಲ್ಲಿ ಕನ್ನಡವೂ ಒಂದು. ಬಸ್ಸಿನ ಹಣವಿಲ್ಲದವರಿಗೆ, ಮಗನ ಮುಂದೆ ಹೇಳಲಾಗದವರಿಗೆ ಇದು ಸದ್ಯಕ್ಕೆ ಲಭ್ಯವಿರುವ ದಾರಿ. ಫೋನು ಗಂಡನ ಕೈಯಲ್ಲಿರುವ ಮನೆಗಳಲ್ಲಿ ಈ ದಾರಿಯೂ ಅರ್ಧ ಮುಚ್ಚಿದೆ. ಸಾಯುವ ಯೋಚನೆ ಬರುತ್ತಿರುವವರು ಯಾವ ಭಾಷೆಯಲ್ಲಾದರೂ ಸರಿ, ಒಬ್ಬರಿಗೆ ತಿಳಿಸಿ ಈ ಸಂಖ್ಯೆಗೆ ಕರೆಮಾಡುವುದು ಒಳ್ಳೆಯದು. ತಿಳಿಸಿದವರನ್ನು ಒಂಟಿಯಾಗಿ ಬಿಡದಿರುವುದು ಕೇಳಿದವರ ಕೆಲಸ.

ಸಂವಿಧಾನದ 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆಯಿದೆ. ಆ ವ್ಯವಸ್ಥೆಗೆ ನಮ್ಮ ಸಂಘಟನೆಗಳು ದಶಕಗಳಿಂದ ಸಲ್ಲಿಸುತ್ತ ಬಂದ ಮನವಿಗಳನ್ನು ತೆರೆದು ನೋಡಿದರೆ ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕ, ಕಚೇರಿಯ ಅರ್ಜಿ, ನಾಮಫಲಕ ಇವೇ ಮತ್ತೆ ಮತ್ತೆ ಬರುತ್ತವೆ. ಆಸ್ಪತ್ರೆಯ ಸಮಾಲೋಚನೆಯ ಕೋಣೆ ಅವುಗಳಲ್ಲಿ ತೀರ ಅಪರೂಪ. ಮುಂದಿನ ಮನವಿಯಲ್ಲಿ ಸೇರಿಸಲು ಬೇಕಾದ ಮಾಹಿತಿಯನ್ನು ಪ್ರತಿ ಪಂಚಾಯತಿನಲ್ಲಿ ಒಂದು ವಾರದೊಳಗೆ ಸಂಗ್ರಹಿಸಬಹುದು: ತಾಲೂಕು ಆಸ್ಪತ್ರೆಗೆ ಮಾನಸಿಕ ಆರೋಗ್ಯ ತಂಡ ತಿಂಗಳ ಯಾವ ದಿನ ಬರುತ್ತದೆ, ಆ ತಂಡದಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ, ಇಲ್ಲದಿದ್ದಲ್ಲಿ ದುಭಾಷಿಯಾಗಿ ಕೂರುವವರು ಯಾರು, ಅವರ ವಯಸ್ಸೆಷ್ಟು.